ಥೈರಾಯ್ಡ್ ಇದ್ರೂ ಮನಸ್ಸಿಂದು ಬ್ಯಾರೆ ತೋರಿಸ್ರಿ

ಅಕ್ಕಾರ, ಥೈರಾಯ್ಡ್ ರಕ್ತ ಪರೀಕ್ಷಾದಾಗ ಟಿಎಸ್‌ಎಚ್ ನಾರ್ಮಲ್ ಬಂದ್ರೂ ಅಳು ನಿಲ್ಲವಲ್ದು, ಧಾರವಾಡಕ್ಕ ಹೋಗಿ ತೋರಿಸ್ಲೋ ಬ್ಯಾಡೋ ಅಂತ ಕೇಳೀರಲ್ಲ, ತೋರಿಸ್ರಿ, ತಡಾ ಮಾಡಬ್ಯಾಡ್ರಿ. ನನಗೂ ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕಡಿಮಿ ಆಗೋದು) ಐತ್ರಿ, ಎಲ್ಲಾ ಅದರಿಂದನ ಅಂತ ಎರಡು ವರ್ಷ ಸುಮ್ನ ಕುಂತಿದ್ನಿ, ಒಬ್ಬ ಡಾಕ್ಟ್ರಂತೂ ರಿಪೋರ್ಟ್ ಚಲೋ ಐತಿ ಟೆನ್ಶನ್ ತಗೋಬ್ಯಾಡ್ರಿ ಅಂತ ಕಳಿಸಿಬಿಟ್ರು, ಆದ್ರ ಡಿಪ್ರೆಶನ್ ಬ್ಯಾರೆನ ಇರಬಹುದ್ರಿ, ಎರಡಕ್ಕೂ ಕೂಡೇ ಔಷಧ ತಗೋಬಹುದು. ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್‌ಗೆ ಹೋಗುವಾಗ ಹಳೇ ರಿಪೋರ್ಟು, ಥೈರಾಯ್ಡ್ ಗುಳಿಗಿ ಡೋಸು ಬರ್ಕೊಂಡು ಒಯ್ರಿ, ಯಾಕಂದ್ರ ಮನಸ್ಸಿನ ಕಾಯಿಲೆಗೆ ಕೊಡೋ ಲಿಥಿಯಂ ಔಷಧ ಥೈರಾಯ್ಡ್‌ಗೆ ತ್ರಾಸ ಕೊಡಬಹುದು, ಡಿಪ್ರೆಶನ್ ಗುಳಿಗಿ ಸರ್ಟ್ರಾಲಿನ್ ಚಾಲೂ ಮಾಡಿದ್ರ ಕೆಲವ್ರಿಗೆ ಥೈರಾಯ್ಡ್ ಡೋಸ್ ಏರಿಸ್ಬೇಕಾಗ್ತೈತಿ. ಗುಣ ಕಾಣಾಕ ಕೆಲವು ವಾರ ಬೇಕ್ರಿ, ನಡುವ ಬಿಡಬ್ಯಾಡ್ರಿ. ರಾತ್ರಿ ಭಾಳ ಕಷ್ಟ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಪುಕ್ಕಟ, ಕನ್ನಡದಾಗ ಮಾತಾಡ್ತಾರ.