ಉಳುಮೆ ಮಾಡಿದರೆ ಕೀಟ ಸಾಯುತ್ತದೋ, ಮಿತ್ರಕೀಟ ಸಾಯುತ್ತದೋ?

ಕೊಯ್ಲಾದ ಮೇಲೆ ಆಳವಾಗಿ ಉತ್ತರೆ ಕೀಟ ನಾಶವಾಗುತ್ತದೆ ಅಂತ ಕೆಲವರು, ಉಳುಮೆ ಬಿಟ್ಟರೆ ಕೀಟಗಳನ್ನು ತಿಂದು ಬೆಳೆ ಕಾಯುವ ಮಿತ್ರಕೀಟಗಳೇ ನೋಡಿಕೊಳ್ಳುತ್ತವೆ ಅಂತ ಇನ್ನು ಕೆಲವರು ಹೇಳುತ್ತಾರೆ, ಯಾರ ಮಾತು ಸರಿ ಅಂತ ಕೇಳಿದ್ದೀರಿ. ನಿಮ್ಮನ್ನು ಕಾಡುವ ಕೀಟ ಬೆಳೆಯಿಲ್ಲದ ದಿನಗಳನ್ನು ಎಲ್ಲಿ, ಎಷ್ಟು ಆಳದಲ್ಲಿ ಕಳೆಯುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಅದನ್ನು ನೋಡದೆ ನೇಗಿಲು ಇಳಿಸಿದರೆ ಕೀಟ ಉಳಿದು ಮಿತ್ರಕೀಟ ಮಾತ್ರ ಸಾಯಬಹುದು.

ಹಸಿರು ಕಾಯಿಕೊರಕವನ್ನೇ ತೆಗೆದುಕೊಳ್ಳಿ. ಬಲಿತ ಹುಳು ಗಿಡದಿಂದಿಳಿದು ಮಣ್ಣು ಕೊರೆದು, ಹೆಚ್ಚಾಗಿ ಮೇಲಿನ 10 ಸೆಂ.ಮೀ. ಒಳಗೇ ಕೋಶವಾಗುತ್ತದೆ (ಹುಳು ಪತಂಗವಾಗುವ ನಡುವಿನ ಹಂತ). ಆದರೆ ಅದಕ್ಕೂ ಮೊದಲೇ, ಮುಂದೆ ಪತಂಗ ಹೊರಬರಲಿಕ್ಕೆ ಒಂದು ಸಣ್ಣ ಸುರಂಗ ಮಾಡಿಟ್ಟಿರುತ್ತದೆ. ಪತಂಗಕ್ಕೆ ಮಣ್ಣು ಅಗೆದು ಬರುವ ಶಕ್ತಿಯಿಲ್ಲ. ಹಾಗಾಗಿ ಕೋಶಕ್ಕೆ ಪೆಟ್ಟು ಬೀಳದಿದ್ದರೂ ಸುರಂಗ ಕುಸಿದರೆ ಪತಂಗ ಒಳಗೇ ಸಾಯುತ್ತದೆ. ಇದಕ್ಕೆ ಒಂದಡಿ ಆಳದ ಉಳುಮೆ ಬೇಕಿಲ್ಲ. ಗಿಡದ ಸಾಲಿನ ಎರಡೂ ಬದಿಗೆ 30 ಸೆಂ.ಮೀ. ವರೆಗೆ, 10 ಸೆಂ.ಮೀ. ಆಳಕ್ಕೆ ಮಣ್ಣು ಪೂರ್ತಿ ಕದಡಬೇಕು. ಕೊಯ್ಲಾದ ಕೂಡಲೇ ಮಾಡಿ, ತಡವಾದರೆ ಪತಂಗ ಹಾರಿಹೋಗಿರುತ್ತದೆ. ಮಣ್ಣು ತೀರಾ ಹಸಿಯಿದ್ದಾಗ ಉತ್ತರೆ ದೊಡ್ಡ ಹೆಂಟೆಗಳೆದ್ದು, ಅವುಗಳೊಳಗೆ ಕೋಶವೂ ಸುರಂಗವೂ ಹಾಗೇ ಉಳಿದುಬಿಡಬಹುದು.

ಬೇರು ತಿನ್ನುವ ಗೊಣ್ಣೆ ಹುಳುವಿನ ಲೆಕ್ಕ ಬೇರೆ. ತೇವವಿದ್ದಾಗ ಅದು ಬೇರಿನ ಹತ್ತಿರ ಇರುತ್ತದೆ, ಮಣ್ಣು ಒಣಗಿದರೆ ಅಥವಾ ತಣ್ಣಗಾದರೆ ನೇಗಿಲಿಗೆ ಸಿಗದಷ್ಟು ಕೆಳಗಿಳಿಯುತ್ತದೆ. ಉಳುವ ಮೊದಲು ನಾಲ್ಕೈದು ಕಡೆ ಗುದ್ದಲಿಯಿಂದ ಅಗೆದು ನೋಡಿ. ಹುಳು ಮೇಲಿದ್ದರೆ ಹಗಲಲ್ಲೇ ಉಳುಮೆ ಮಾಡಿ, ಹಕ್ಕಿಗಳು ಹೆಕ್ಕಿ ತಿನ್ನುತ್ತವೆ. ಭತ್ತದ ಕಾಂಡಕೊರಕ ಕೂಳೆಯೊಳಗೇ ಉಳಿಯುತ್ತದೆ, ಹಾಗಾಗಿ ಕೂಳೆಯನ್ನು ನೆಲಮಟ್ಟಕ್ಕೆ ಕೊಯ್ದು ಮಣ್ಣಿಗೆ ಸೇರಿಸುವುದೇ ಮುಖ್ಯ.

ಇನ್ನು ಮಿತ್ರಕೀಟಗಳು. ನೆಲಜೀರುಂಡೆ, ಬಲೆ ಹೆಣೆಯದೆ ಓಡಾಡಿ ಬೇಟೆಯಾಡುವ ಜೇಡಗಳು ನೇಗಿಲಿಗೆ ಸಿಕ್ಕಿ ಸಾಯುವುದು ಒಂದು ಭಾಗ ಮಾತ್ರ. ಬೆಳೆಯುಳಿಕೆಯ ಹೊದಿಕೆ ಹೋಗಿ ನೆಲ ಬೋಳಾದರೆ ನೆರಳು, ತೇವ, ಚಿಕ್ಕಪುಟ್ಟ ಆಹಾರ ಎಲ್ಲವೂ ಹೋಗುತ್ತವೆ, ಅವು ಜಾಗ ಖಾಲಿ ಮಾಡುತ್ತವೆ. ಜೀರುಂಡೆಯ ಮರಿಗಳು ಮಣ್ಣಲ್ಲೇ ಇರುವುದರಿಂದ ಓಡಿಹೋಗಲೂ ಆಗದು. ಕೀಟಗಳ ಮೈಯಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಪರಾವಲಂಬಿ ಕಣಜಗಳಲ್ಲಿ, ಮಣ್ಣಿನ ಮೇಲ್ಪದರದಲ್ಲಿ ರೇಷ್ಮೆಗೂಡಿನಂಥ ಗೂಡು ಕಟ್ಟಿಕೊಂಡ ಹಲವು, ಮಣ್ಣು ಮಗುಚಿದಾಗ ಆಳಕ್ಕೆ ಹೂತುಹೋಗಿ ಹೊರಬರಲಾರವು. ಮಣ್ಣು ಮಗುಚುವ ನೇಗಿಲಿಗಿಂತ ಕುಂಟೆ ವಾಸಿ ಎನ್ನುವುದು ಇದಕ್ಕೇ. ಹುಲ್ಲು ಬೆಳೆದ ಬದುಗಳನ್ನು ದಯವಿಟ್ಟು ಕೆರೆಯಬೇಡಿ. ಹೊಲ ದೊಡ್ಡದಿದ್ದರೆ ನಡುವೆ 40 ಸೆಂ.ಮೀ. ಎತ್ತರ, ಒಂದೂವರೆ ಎರಡು ಮೀಟರ್ ಅಗಲದ ಏರಿ ಹಾಕಿ, ಬಹುವಾರ್ಷಿಕ ಹುಲ್ಲು ಬೆಳೆಸಿ. ಬೇಟೆಗಾರ ಕೀಟಗಳು ಅಲ್ಲಿ ಉಳಿದುಕೊಂಡು ಬೆಳೆಯೊಳಗೆ ಮರಳುತ್ತವೆ.

ಉಳುಮೆ ಪೂರ್ತಿ ಬಿಟ್ಟರೆ ಒಂದು ಅಪಾಯವಿದೆ: ತೇವದ ಹೊದಿಕೆಯಡಿ ಚಿಪ್ಪಿಲ್ಲದ ಬಸವನ ಹುಳು ಹೆಚ್ಚಿ ಎಳೆ ಸಸಿ ತಿನ್ನುತ್ತದೆ. ಅಂಥ ಹೊಲದಲ್ಲಿ ನಿಯೋನಿಕೋಟಿನಾಯ್ಡ್ ಎಂಬ ಕೀಟನಾಶಕ ಹಚ್ಚಿದ ಬೀಜ ಬಿತ್ತಬೇಡಿ. ಆ ವಿಷ ಬಸವನ ಹುಳುವನ್ನು ಕೊಲ್ಲುವುದಿಲ್ಲ, ಆದರೆ ಆ ಹುಳುವನ್ನು ತಿಂದ ನೆಲಜೀರುಂಡೆಯನ್ನು ಕೊಲ್ಲಬಹುದು.