ಅಯಾನುಗಳ ಚಾರ್ಜ್ ಬಾಯಿಪಾಠ ಮಾಡಲೇಬೇಕಾ?

ಸೋಡಿಯಂ +1, ಆಕ್ಸಿಜನ್ −2 ಅಂತ ಒಂದೊಂದನ್ನೂ ಉರು ಹೊಡೆಯಬೇಕಾ, ಆವರ್ತ ಕೋಷ್ಟಕ ನೋಡಿ ಹೇಳೋಕೆ ಆಗಲ್ವಾ ಅಂತ ಕೇಳಿದ್ದೀರಿ. ಬಹಳಷ್ಟಕ್ಕೆ ಆಗುತ್ತದೆ. ಅಯಾನು ಅಂದರೆ ಎಲೆಕ್ಟ್ರಾನ್ ಕೊಟ್ಟೋ ತಗೊಂಡೋ ಚಾರ್ಜ್ ಪಡೆದ ಪರಮಾಣು ಅಥವಾ ಪರಮಾಣುಗಳ ಗುಂಪು.

ಮೊದಲು ಬಲತುದಿಯ ಕಂಬಸಾಲು ನೋಡಿ: ಹೀಲಿಯಂ 2, ನಿಯಾನ್ 10, ಆರ್ಗಾನ್ 18 (ಇದು ಪರಮಾಣು ಸಂಖ್ಯೆ, ಪರಮಾಣುವಿನಲ್ಲಿ ಅಷ್ಟೇ ಎಲೆಕ್ಟ್ರಾನ್). ಎಲೆಕ್ಟ್ರಾನ್‌ಗಳ ಹೊರ ಕವಚ ತುಂಬಿದೆ, ಯಾರ ತಂಟೆಗೂ ಹೋಗುವುದಿಲ್ಲ, ಅದಕ್ಕೇ ಜಡ ಅನಿಲಗಳು. ಬೇರೆ ಧಾತು ಕಂಡಾಗ ನಾನು ಚೌಕಾಬಾರದ ಥರ ಮನೆ ಎಣಿಸುತ್ತೇನೆ. ಹತ್ತಿರದ ಜಡ ಅನಿಲ ಎಷ್ಟು ಮನೆ ದೂರ? ಕ್ಲೋರಿನ್ 17, ಆರ್ಗಾನ್‌ಗೆ ಒಂದು ಮನೆ ಮುಂದೆ ಹೋಗಬೇಕು, ಒಂದು ಎಲೆಕ್ಟ್ರಾನ್ ತಗೊಳ್ಳುತ್ತದೆ, −1. ಆಕ್ಸಿಜನ್ 8, ನಿಯಾನ್‌ಗೆ ಎರಡು ಮನೆ, −2. ಅಲ್ಯೂಮಿನಿಯಂ 13, ಮೂರು ಮನೆ ಹಿಂದೆ ಬಂದರೆ ನಿಯಾನ್, ಮೂರು ಬಿಟ್ಟುಕೊಟ್ಟು +3. ಕಾರ್ಬನ್ ಮಜಾ ಇದೆ: 6, ಹಿಂದಕ್ಕೂ ನಾಲ್ಕು ಮನೆ, ಮುಂದಕ್ಕೂ ನಾಲ್ಕು. ಹಾಗಾಗಿ ಸಾಮಾನ್ಯವಾಗಿ ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ, ಹಂಚಿಕೊಳ್ಳುತ್ತದೆ.

ಎಡವುವುದು ಚಿಹ್ನೆಯಲ್ಲಿ. ಕಳೆದುಕೊಂಡರೆ ಮೈನಸ್ ಅಲ್ವಾ ಅಂದುಕೊಂಡು ನಾನೂ ಟೆಸ್ಟ್‌ಗಳಲ್ಲೆಲ್ಲ ಉಲ್ಟಾ ಬರೆದು ಮಾರ್ಕ್ಸ್ ಕಳೆದುಕೊಂಡಿದ್ದೇನೆ. ಎಲೆಕ್ಟ್ರಾನೇ ಮೈನಸ್ಸು, ಸಾಲ ಇದ್ದ ಹಾಗೆ. ಅದು ಹೋದರೆ ಪ್ಲಸ್. ಸೋಡಿಯಂನಲ್ಲಿ 11 ಪ್ರೋಟಾನ್, ಒಂದು ಎಲೆಕ್ಟ್ರಾನ್ ಹೋದ ಮೇಲೆ ಉಳಿದದ್ದು 10, ಲೆಕ್ಕ ಹಾಕಿ ನೋಡಿ.

ಮೆಗ್ನೀಸಿಯಂ 12, ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು +2 ಆಗುತ್ತದೆ, ಎರಡಕ್ಕೇ ಯಾಕೆ ನಿಲ್ಲಬೇಕು ಅನ್ನಿಸಬಹುದು. ಒಂದು ಮೋಲ್‌ಗೆ ಮೊದಲ ಎಲೆಕ್ಟ್ರಾನ್ ಕೀಳಲು ಸುಮಾರು 738 ಕಿಲೋಜೌಲ್ ಬೇಕು, ಎರಡನೆಯದಕ್ಕೆ 1451, ಮೂರನೆಯದಕ್ಕೆ ಒಮ್ಮೆಲೇ 7733! ಅದು ಒಳಗಿನ ತುಂಬಿದ ಕವಚದ್ದು, ಸುಮ್ನೆ ಬರುವುದಿಲ್ಲ.

ಕೋಷ್ಟಕದ ಮಧ್ಯದ ಲೋಹಗಳಿಗೆ ಮಾತ್ರ ಈ ಆಟ ನಡೆಯುವುದಿಲ್ಲ. ಕಬ್ಬಿಣ +2 ಆಗುತ್ತದೆ, +3 ಕೂಡ. ತಾಮ್ರ +1, +2. ಹೊರಗಿನ ಎಲೆಕ್ಟ್ರಾನ್‌ಗಳಿಗೂ ಅದರ ಒಳಗಿನವಕ್ಕೂ ಶಕ್ತಿಯಲ್ಲಿ ಜಾಸ್ತಿ ಅಂತರ ಇಲ್ಲ, ಎಷ್ಟು ಹೋಗುತ್ತವೆ ಅನ್ನುವುದು ಜೊತೆಗಾರರ ಮೇಲೆ ನಿಂತಿದೆ. ಇಲ್ಲಿ ಹಿಂದಿನಿಂದ ಲೆಕ್ಕ ಮಾಡಿ. ಗೇಟಿನ ತುಕ್ಕಿನಲ್ಲಿ ನೀರನ್ನು ಬಿಟ್ಟು ನೋಡಿದರೆ ಎರಡು ಕಬ್ಬಿಣಕ್ಕೆ ಮೂರು ಆಕ್ಸಿಜನ್. ಆಕ್ಸಿಜನ್ ಒಟ್ಟು −6, ಅದನ್ನು ಸರಿದೂಗಿಸಲು ಎರಡು ಕಬ್ಬಿಣ ಸೇರಿ +6, ಅಂದರೆ ತಲಾ +3. ಹೆಸರಲ್ಲಿ ಐರನ್(III) ಅನ್ನುವ ಹಾಗೆ ರೋಮನ್ ಅಂಕಿ ಕೊಟ್ಟಿದ್ದರೆ ಈ ಕಷ್ಟವೂ ಇಲ್ಲ, ಅದೇ ಚಾರ್ಜ್.

ಸಲ್ಫೇಟ್ −2, ನೈಟ್ರೇಟ್ −1, ಅಮೋನಿಯಂ +1, ಇಂಥ ಗುಂಪುಗೂಡಿದ ಅಯಾನುಗಳಿಗೆ ಕೋಷ್ಟಕದಲ್ಲಿ ಮನೆಯೇ ಇಲ್ಲ. ಅವನ್ನು ಮಾತ್ರ ನಾನೂ ಬಾಯಿಪಾಠವೇ ಮಾಡಿದ್ದು.