ಯಾವ ಸಂಘದ ಬಾಗಿಲಿಗೆ ಮೊದಲು ಹೋಗಬೇಕು

ನಮಸ್ಕಾರ. ಹುಬ್ಬಳ್ಳಿಯ ಕನ್ನಡ ದಿನಪತ್ರಿಕೆಯೊಂದರಲ್ಲಿ ಏಳು ವರ್ಷ ವರದಿಗಾರ್ತಿಯಾಗಿದ್ದು, ಬಳಿಕ ಬೆಂಗಳೂರಿನ ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದರಲ್ಲಿ ಎರಡು ವರ್ಷ ದುಡಿದು, ಈಗ ಪತಿಯ ಉದ್ಯೋಗದ ನಿಮಿತ್ತ ಬರ್ಮಿಂಗ್‌ಹ್ಯಾಮಿಗೆ ಬಂದಿರುವುದಾಗಿ ಬರೆದಿದ್ದೀರಿ. ಇಲ್ಲಿನ ವೃತ್ತಿ ಸಂಘಗಳಲ್ಲಿ ಯಾವುದಕ್ಕೆ ಸೇರಬೇಕು, ಕೊಟ್ಟ ವಂತಿಗೆಗೆ ತಕ್ಕ ಪ್ರಯೋಜನ ಉಂಟೇ, ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡಿಗೆ ಇಲ್ಲಿ ಬೆಲೆಯಿದೆಯೇ, ಯೂನಿಯನ್ನಿಗೆ ಸೇರಿದರೆ ವೀಸಾಕ್ಕೆ ಕುತ್ತು ಬಂದೀತೇ ಎಂದು ಕೇಳಿದ್ದೀರಿ. ಈ ಊರಿಗೆ ಬಂದು ನನಗೆ ಹತ್ತೊಂಬತ್ತು ವರ್ಷಗಳಾದವು. ಇವೇ ಪ್ರಶ್ನೆಗಳನ್ನು ಇಟ್ಟುಕೊಂಡು ಯಾರನ್ನು ಕೇಳಬೇಕೆಂದು ತಿಳಿಯದೆ ನಾನು ಎರಡು ವರ್ಷ ಕಳೆದಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ನಿಮ್ಮ ಪತಿಯ ಆತಂಕದ ಮಾತು. ಯೂನಿಯನ್ನಿನ ಸದಸ್ಯತ್ವಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ಸಂಘಕ್ಕೆ ಸೇರಿದ ಕಾರಣಕ್ಕಾಗಿ ನೌಕರರನ್ನು ಕೆಲಸದಿಂದ ತೆಗೆಯುವುದು ಈ ದೇಶದಲ್ಲಿ ಕಾನೂನುಬಾಹಿರ. ಕುಶಲ ಉದ್ಯೋಗಿಯ ಅವಲಂಬಿತರಾಗಿ ಬಂದಿರುವ ನಿಮಗೆ ನೌಕರಿ ಮಾಡುವುದಕ್ಕೂ ಸ್ವತಂತ್ರವಾಗಿ ಬರೆದು ಸಂಪಾದಿಸುವುದಕ್ಕೂ ಅವಕಾಶವಿದೆ. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಸ್ವಯಂ ಉದ್ಯೋಗದ ಅನುಮತಿ ಇಲ್ಲವಾದ್ದರಿಂದ, ನಿಮ್ಮ ಸ್ಥಿತಿ ಅವರಿಗಿಂತ ಎಷ್ಟೋ ಅನುಕೂಲಕರ.

ಇನ್ನು ಮಾನ್ಯತಾ ಕಾರ್ಡು. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ, ನಿಮ್ಮ ಅನುಭವಕ್ಕೆ ಅದು ಸಾಕ್ಷಿ. ಆದರೆ ಇಲ್ಲಿ ಅದನ್ನು ತೋರಿಸಿ ಎಲ್ಲಿಗೂ ಪ್ರವೇಶ ಕೇಳಲಾಗದು. ನಮ್ಮಲ್ಲಿ ಪತ್ರಕರ್ತರು ಯಾರೆಂದು ಸರ್ಕಾರದ ಇಲಾಖೆ ಗುರುತಿಸಿ ಕಾರ್ಡು ಕೊಡುತ್ತದೆ. ಇಲ್ಲಿ ಆ ಕೆಲಸವನ್ನು ವೃತ್ತಿಯವರೇ ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದಾರೆ. 1992ರಲ್ಲಿ ಆರಂಭವಾದ ಯುಕೆ ಪ್ರೆಸ್ ಕಾರ್ಡ್ ಅಥಾರಿಟಿಯ ಹೆಸರಿನಲ್ಲಿ, ಅದರ ಅಂಗವಾಗಿರುವ ಯೂನಿಯನ್ನುಗಳು, ವೃತ್ತಿ ಸಂಘಗಳು ಮತ್ತು ಮಾಧ್ಯಮ ಸಂಸ್ಥೆಗಳು ಅರ್ಹರನ್ನು ಪರಿಶೀಲಿಸಿ ಕಾರ್ಡು ನೀಡುತ್ತವೆ. ಪೊಲೀಸರು ಮಾನ್ಯ ಮಾಡುವುದು ಈ ಕಾರ್ಡನ್ನು. ಹೀಗಾಗಿ, ಪತ್ರಿಕೆಯೊಂದರ ನೌಕರಿಯಲ್ಲಿಲ್ಲದ ಸ್ವತಂತ್ರ ಬರಹಗಾರರಿಗೆ ಗುರುತಿನ ಚೀಟಿ ಸಿಗುವ ದಾರಿಯೇ ಸಂಘ.

ಆದರೆ ಸಂಘಗಳೆಲ್ಲ ಒಂದೇ ಬಗೆಯವಲ್ಲ. ಹಣ ಕಟ್ಟುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂಘದ ಒಳಗೆ ಕುಳಿತಿರುವವರು ಯಾರು? ದುಡಿಯುವವರು ಮಾತ್ರವೇ, ದುಡಿಸಿಕೊಳ್ಳುವವರೂ ಇದ್ದಾರೆಯೇ, ಅಥವಾ ಸದಸ್ಯತ್ವ ಇರುವುದು ಕಂಪನಿಗಳಿಗಷ್ಟೆಯೇ? ಈ ಪ್ರಶ್ನೆಯಿಂದಲೇ ಇಲ್ಲಿನ ಪತ್ರಕರ್ತರ ಯೂನಿಯನ್ ಹುಟ್ಟಿತು, ಅದೂ ನೀವೀಗ ಬಂದು ನೆಲೆಸಿರುವ ಈ ಊರಿನಲ್ಲಿ. 1884ರಲ್ಲಿ ಪ್ರಾರಂಭವಾಗಿ 1890ರಲ್ಲಿ ರಾಜಸನ್ನದು ಪಡೆದ ಪತ್ರಕರ್ತರ ಸಂಸ್ಥೆಯೊಂದು ಆಗಲೇ ಇತ್ತು, ಇಂದಿಗೂ ಇದೆ. ಅದರಲ್ಲಿ ವರದಿಗಾರರ ಜೊತೆಗೆ ಪತ್ರಿಕೆಗಳ ಮಾಲೀಕರೂ ಸದಸ್ಯರಾಗಿದ್ದರು. ಸಂಬಳ ಕೊಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಬಳದ ಮಾತನ್ನು ಆಡುವುದು ಹೇಗೆಂಬ ಅಸಮಾಧಾನ ಬೆಳೆದು, 1907ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿದ ಪತ್ರಕರ್ತರು ನ್ಯಾಷನಲ್ ಯೂನಿಯನ್ ಆಫ್ ಜರ್ನಲಿಸ್ಟ್ಸ್ ಕಟ್ಟಿದರು. ಎಲ್ಲರ ಬಾಯಲ್ಲಿ ಅದು ಎನ್‌ಯುಜೆ.

ಈ ಯೂನಿಯನ್ 1936ರಲ್ಲಿಯೇ ತನ್ನ ಸದಸ್ಯರಿಗೆ ವೃತ್ತಿ ನೀತಿಸಂಹಿತೆಯನ್ನು ರೂಪಿಸಿಕೊಂಡಿತು. ಸುದ್ದಿಯ ಮೂಲವನ್ನು ಬಿಟ್ಟುಕೊಡಬಾರದೆಂಬ ನಿಯಮವನ್ನು ಅದು ಎಷ್ಟು ಗಂಭೀರವಾಗಿ ಹಿಡಿದಿದೆ ಎಂಬುದಕ್ಕೆ ಬಿಲ್ ಗುಡ್ವಿನ್ ಪ್ರಕರಣವನ್ನು ಹೇಳಬೇಕು. ಅವರು ‘ದಿ ಎಂಜಿನಿಯರ್’ ಎಂಬ ಉದ್ಯಮ ಪತ್ರಿಕೆಯ ತರಬೇತಿ ಪತ್ರಕರ್ತರಾಗಿದ್ದಾಗ, ಕಂಪನಿಯೊಂದರ ಹಣಕಾಸಿನ ಮಾಹಿತಿ ಕೊಟ್ಟವರ ಹೆಸರನ್ನು ಹೇಳುವಂತೆ ಇಂಗ್ಲೆಂಡಿನ ನ್ಯಾಯಾಲಯಗಳು ಆದೇಶಿಸಿದವು. ಅವರು ಹೇಳಲಿಲ್ಲ, 5,000 ಪೌಂಡ್ ದಂಡ ಬಿತ್ತು. ಯೂನಿಯನ್ ಅವರ ಬೆನ್ನಿಗೆ ನಿಂತಿತು, ಪ್ರಕರಣ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು, 1996ರಲ್ಲಿ ತೀರ್ಪು ಗುಡ್ವಿನ್ ಅವರ ಪರವಾಗಿ ಬಂತು. ವೃತ್ತಿಗೆ ಆಗತಾನೇ ಕಾಲಿಟ್ಟ ಒಬ್ಬರಿಗಾಗಿ ಇಷ್ಟು ದೂರ ಹೋಗುವ ಸಂಘ ನಮ್ಮ ವೃತ್ತಿಯಲ್ಲಿದೆ ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ದಿನನಿತ್ಯದ ಪ್ರಯೋಜನ ಇದಕ್ಕಿಂತ ಸಣ್ಣದು, ಆದರೆ ಸಂಸಾರ ನಡೆಸುವವರಿಗೆ ಅದೇ ದೊಡ್ಡದು. ನನ್ನ ಮೂರನೆಯ ವರ್ಷದಲ್ಲಿ ಮಾಸಪತ್ರಿಕೆಯೊಂದು ನನ್ನ ಎರಡು ಲೇಖನಗಳನ್ನು ಪ್ರಕಟಿಸಿ, 600 ಪೌಂಡ್ ಸಂಭಾವನೆಯನ್ನು ನಾಲ್ಕು ತಿಂಗಳಾದರೂ ಕೊಡಲಿಲ್ಲ. ಊರಿನ ಅಭ್ಯಾಸದಂತೆ ನಾನು ಸಂಪಾದಕರಿಗೆ ವಿನಯದಿಂದ ನೆನಪಿಸುತ್ತಲೇ ಇದ್ದೆ. ಯೂನಿಯನ್ನಿನ ಸ್ಥಳೀಯ ಶಾಖೆಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ನನ್ನ ಪಾಡನ್ನು ಕೇಳಿ, 1998ರ ತಡಪಾವತಿ ಕಾಯಿದೆಯ ವಿಷಯ ತಿಳಿಸಿದರು. ಆ ಕಾಯಿದೆಯಂತೆ ಬಾಕಿ ಹಣಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರದ ಮೇಲೆ ಶೇಕಡಾ 8ರಷ್ಟು ಬಡ್ಡಿಯನ್ನು, ಬಾಕಿಯ ಮೊತ್ತ 1,000 ಪೌಂಡಿಗಿಂತ ಕಡಿಮೆಯಿದ್ದರೆ ಅದರ ಜೊತೆಗೆ 40 ಪೌಂಡ್ ಪರಿಹಾರವನ್ನು ಕೇಳುವ ಹಕ್ಕು ಫ್ರೀಲಾನ್ಸ್ ಬರಹಗಾರರಿಗೂ ಇದೆ. ಪತ್ರ ಹೇಗಿರಬೇಕೆಂದು ಅವರೇ ತೋರಿಸಿಕೊಟ್ಟರು. ಹನ್ನೆರಡನೆಯ ದಿನ ಹಣ ಬಂತು, ಬಡ್ಡಿ ಮತ್ತು ಪರಿಹಾರದ ಸಮೇತ. ಊರಿನಲ್ಲಿ ಇಂಥ ಸಂಗತಿಗಳನ್ನು ಹೇಳಿಕೊಡಲು ಪರಿಚಿತರು, ಹಿರಿಯ ಸಹೋದ್ಯೋಗಿಗಳು, ಪ್ರೆಸ್ ಕ್ಲಬ್ಬಿನ ಗೆಳೆಯರು ಇರುತ್ತಾರೆ. ಇಲ್ಲಿ ಆ ಜಾಗವನ್ನು ನನಗೆ ತುಂಬಿಕೊಟ್ಟದ್ದು ಶಾಖೆಯ ಸಭೆ.

ಇನ್ನೊಂದು ಮಾತು. ನಮ್ಮಲ್ಲಿ 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯಡಿ ವೇತನ ಮಂಡಳಿಗಳು ರಚನೆಯಾಗಿ ಸಂಬಳ ನಿಗದಿಪಡಿಸಿದ್ದವು. ಅದು ಎಷ್ಟರಮಟ್ಟಿಗೆ ಜಾರಿಗೆ ಬಂತೆಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಇಲ್ಲಿ ಅಂಥ ಮಂಡಳಿ ಇಲ್ಲ. ಯೂನಿಯನ್ನಿಗೆ ಮನ್ನಣೆ ಇರುವ ಕಚೇರಿಗಳಲ್ಲಿ ಸಾಮೂಹಿಕ ಒಪ್ಪಂದ, ಉಳಿದೆಡೆ ನಿಮ್ಮ ನಿಮ್ಮ ಕರಾರು, ಅಷ್ಟೆ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ಓದಿಸಿಕೊಳ್ಳಲು ಒಬ್ಬರು ಬೇಕು. ತಕರಾರು ಹುಟ್ಟಿದ ಮೇಲೆ ಸೇರಿದವರಿಗೆ ಆ ಹಳೆಯ ತಕರಾರಿನಲ್ಲಿ ಯೂನಿಯನ್ನಿನ ನೆರವು ಸಾಮಾನ್ಯವಾಗಿ ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಸಾರ್ವಜನಿಕ ಸಂಪರ್ಕದ ಕಡೆಗೇ ಹೋಗುವ ಮನಸ್ಸಿದ್ದರೆ ಸಂಘ ಬೇರೆ. ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ರಿಲೇಷನ್ಸ್ 1948ರಲ್ಲಿ ಹುಟ್ಟಿ 2005ರಲ್ಲಿ ರಾಜಸನ್ನದು ಪಡೆಯಿತು. ಇದು ಸಂಬಳಕ್ಕಾಗಿ ಹೋರಾಡುವ ಸಂಘವಲ್ಲ. ವ್ಯಕ್ತಿಗಳ ಕಲಿಕೆ, ಅರ್ಹತೆ ಮತ್ತು ನಡತೆಯನ್ನು ನೋಡಿಕೊಳ್ಳುವ ಸಂಸ್ಥೆ. ಭಾರತದ ಎರಡು ವರ್ಷದ ಅನುಭವವನ್ನು ಹೇಗೆ ಅಳೆಯಬೇಕೆಂದು ತಿಳಿಯದ ಉದ್ಯೋಗದಾತರಿಗೆ ಇದರ ಡಿಪ್ಲೊಮಾ ಪರಿಚಿತವಾದ ಅಳತೆಗೋಲು. 1969ರಲ್ಲಿ ಆರಂಭವಾದ ಪಿಆರ್‌ಸಿಎ ಮೂಲತಃ ಸಾರ್ವಜನಿಕ ಸಂಪರ್ಕದ ಕನ್ಸಲ್ಟೆನ್ಸಿ ಕಂಪನಿಗಳ ಒಕ್ಕೂಟ. ಕಂಪನಿಗಳ ಒಕ್ಕೂಟವೆಂದರೆ ಪರಸ್ಪರ ಬೆನ್ನು ಕಾಯುವ ಕೂಟವೆಂದು ನಾನು ಬಹುಕಾಲ ತಿಳಿದಿದ್ದೆ. 2017ರ ಸೆಪ್ಟೆಂಬರಿನಲ್ಲಿ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ದಕ್ಷಿಣ ಆಫ್ರಿಕಾದಲ್ಲಿ ಭಾರತ ಮೂಲದ ಗುಪ್ತಾ ಕುಟುಂಬದ ಕಂಪನಿಗಾಗಿ ಜನಾಂಗೀಯ ವೈಮನಸ್ಯ ಕೆರಳಿಸುವಂಥ ಪ್ರಚಾರ ನಡೆಸಿದ್ದಕ್ಕಾಗಿ, ಲಂಡನ್ನಿನ ಅತ್ಯಂತ ಪ್ರಭಾವಿ ಸಂಸ್ಥೆಗಳಲ್ಲೊಂದಾದ ಬೆಲ್ ಪಾಟಿಂಜರನ್ನು ಈ ಒಕ್ಕೂಟ ಹೊರಹಾಕಿತು. ಗ್ರಾಹಕರು ಒಬ್ಬೊಬ್ಬರಾಗಿ ಕೈಬಿಟ್ಟು, ಅದೇ ತಿಂಗಳಲ್ಲಿ ಆ ಸಂಸ್ಥೆ ಕುಸಿದುಹೋಯಿತು. ನೀವು ಇಲ್ಲಿ ಸಂದರ್ಶನಕ್ಕೆ ಹೋದಾಗ ವೃತ್ತಿನೀತಿಯ ಪ್ರಶ್ನೆ ಬಂದರೆ, ಅದು ಉಪಚಾರದ ಪ್ರಶ್ನೆಯೆಂದು ಎಣಿಸದೆ ಯೋಚಿಸಿ ಉತ್ತರಿಸಿ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಕರಡು ತಿದ್ದುವ ಕೆಲಸದಲ್ಲಿ ಆಸಕ್ತಿಯಿದ್ದರೆ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಎಡಿಟಿಂಗ್ ಅಂಡ್ ಪ್ರೂಫ್‌ರೀಡಿಂಗ್, ಅನುವಾದವಾದರೆ ಇನ್‌ಸ್ಟಿಟ್ಯೂಟ್ ಆಫ್ ಟ್ರಾನ್ಸ್‌ಲೇಷನ್ ಅಂಡ್ ಇಂಟರ್‌ಪ್ರೆಟಿಂಗ್ ಇವೆ. ಆದರೆ ಕನ್ನಡದ ಅನುವಾದವೊಂದನ್ನೇ ನಂಬಿ ಇಲ್ಲಿ ಜೀವನ ಸಾಗಿಸುವುದು ಕಷ್ಟ. ಪತ್ರಿಕೆಗಳಲ್ಲಿ ಲೇಖನ ಬರತೊಡಗಿದ ಮೇಲೆ, 1977ರಿಂದ ಇರುವ ಆಥರ್ಸ್ ಲೈಸೆನ್ಸಿಂಗ್ ಅಂಡ್ ಕಲೆಕ್ಟಿಂಗ್ ಸೊಸೈಟಿಯಲ್ಲಿ ತಪ್ಪದೆ ನೋಂದಾಯಿಸಿಕೊಳ್ಳಿ; ನಿಮ್ಮ ಬರಹವನ್ನು ನಕಲು ಮಾಡಿಕೊಂಡವರಿಂದ ಬಂದ ಹಣದಲ್ಲಿ ನಿಮ್ಮ ಪಾಲನ್ನು ಅದು ಕೊಡುತ್ತದೆ. ಸ್ವಂತ ಸಂಸ್ಥೆ ತೆರೆಯುವ ದಿನ ಬಂದರೆ ಗ್ರೇಟರ್ ಬರ್ಮಿಂಗ್‌ಹ್ಯಾಮ್ ವಾಣಿಜ್ಯ ಮಂಡಳಿಯನ್ನೂ, ಅದರೊಳಗೇ ಇರುವ ಏಷ್ಯನ್ ಉದ್ಯಮಿಗಳ ಮಂಡಳಿಯನ್ನೂ ನೋಡಬಹುದು. ಈಗಲೇ ಅದರ ವಂತಿಗೆ ಕಟ್ಟುವ ಅಗತ್ಯವಿಲ್ಲ. ಒಂದೇ ವರ್ಷದಲ್ಲಿ ನಾಲ್ಕು ಸಂಘಗಳಿಗೆ ಸೇರಿ, ಯಾವುದರ ಸಭೆಗೂ ಹೋಗದೆ ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಇಲ್ಲಿನ ಕನ್ನಡಿಗರ ಸಂಘವಾದ ಕನ್ನಡ ಬಳಗಕ್ಕೆ ಸೇರಿದರೆ ಸಾಲದೇ ಎಂದೂ ಕೇಳಿದ್ದೀರಿ. ಸೇರಿ, ಖಂಡಿತ ಸೇರಿ. 1983ರಿಂದ ನಡೆದು ಬಂದಿರುವ ಬಳಗದ ಯುಗಾದಿ, ದೀಪಾವಳಿಗಳು ನನ್ನ ಮಕ್ಕಳಿಗೆ ಕನ್ನಡ ಉಳಿಸಿಕೊಟ್ಟವು. ಆದರೆ ಅಲ್ಲಿ ವೈದ್ಯರು, ಎಂಜಿನಿಯರುಗಳು ಹೆಚ್ಚು, ನಮ್ಮ ಕಸುಬಿನವರು ವಿರಳ. ನಿಮ್ಮ ಕರಾರಿನ ಕಲಮನ್ನು ಓದಿ ಇದು ಸರಿಯಿಲ್ಲ ಎನ್ನಬಲ್ಲವರು ಬೇರೆ ಕಡೆಯೇ ಸಿಗಬೇಕು.

ನನ್ನ ಸಲಹೆ ಇಷ್ಟು. ಸದ್ಯಕ್ಕೆ ಹಣ ಕಟ್ಟಬೇಡಿ. ಹುಬ್ಬಳ್ಳಿಯಲ್ಲಿ ಬರೆದ ವರದಿಗಳಲ್ಲಿ ಹತ್ತನ್ನು ಆರಿಸಿ, ಪ್ರತಿಯೊಂದಕ್ಕೂ ಐದಾರು ಸಾಲಿನ ಇಂಗ್ಲಿಷ್ ಸಾರಾಂಶ ಬರೆದಿಟ್ಟುಕೊಳ್ಳಿ. ಸದಸ್ಯತ್ವದ ಅರ್ಜಿಗೂ ಸಂಪಾದಕರಿಗೂ ಅವು ಬೇಕಾಗುತ್ತವೆ. ಮೊದಲ ಸಂಭಾವನೆಯ ಲೇಖನ ಒಪ್ಪಿಗೆಯಾದ ಕೂಡಲೇ ಎನ್‌ಯುಜೆಗೆ ಅರ್ಜಿ ಹಾಕಿ. ಅಲ್ಲಿ ವಂತಿಗೆ ಆದಾಯಕ್ಕೆ ತಕ್ಕಂತೆ ಇರುವುದರಿಂದ ಆರಂಭದಲ್ಲಿ ಹೊರೆಯಾಗದು. ಅಲ್ಲಿಯವರೆಗೆ ನಿಮ್ಮನ್ನು ಅತಿಥಿಯಾಗಿ ಕರೆತರಬಹುದೇ ಎಂದು ನಮ್ಮ ಶಾಖೆಯ ಕಾರ್ಯದರ್ಶಿಯವರನ್ನು ಈ ವಾರವೇ ಕೇಳುತ್ತೇನೆ. ಅವರು ಒಪ್ಪಿದರೆ ಮುಂದಿನ ಸಭೆಗೆ ನ್ಯೂ ಸ್ಟ್ರೀಟ್ ನಿಲ್ದಾಣದಿಂದ ಒಟ್ಟಿಗೇ ಹೋಗೋಣ.